ಹಾಲು ಬೇಡ, ಮೊಟ್ಟೆ ಸಾಕು: ಮನೆಮಂದಿಗೆಲ್ಲ ಒಂದೇ ಬಾಣಲೆಯ ಊಟ

ನಿಮ್ಮ ಮನೆಯಲ್ಲಿ ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಕೂರುವವರು ಯಾರಾದರೂ ಇದ್ದಾರೆಯೇ? ಹೊಟ್ಟೆಯುಬ್ಬರ, ಗುಡುಗುಡು ಸದ್ದು, ಆಮೇಲೆ ಭೇದಿ. ಅಥವಾ ಹಾಲು ಬೆರೆತ ತಿಂಡಿ ತಿಂದ ಕೂಡಲೇ ಮೈಮೇಲೆ ದದ್ದು ಏಳುವ ಮಗುವಿದೆಯೇ? ಇದ್ದರೆ ಆ ಮನೆಯ ಅಡುಗೆಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ಗೊತ್ತಿರುತ್ತದೆ. ಎಲ್ಲರಿಗೂ ಒಂದು ಅಡುಗೆ, ಆ ಮಗುವಿಗೆ ಇನ್ನೊಂದು. ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತಿರುವಾಗ ಆ ಮಗುವಿನ ಮುಂದೆ ಮಾತ್ರ ಬೇರೆ ಬಟ್ಟಲು. ಅಮ್ಮನಿಗೆ ಎರಡು ಪಟ್ಟು ಕೆಲಸ, ಮಗುವಿಗೆ ‘ನನಗೆ ಮಾತ್ರ ಯಾಕೆ ಹೀಗೆ’ ಎಂಬ ಕೊರಗು.

ಇದಕ್ಕೊಂದು ಸುಲಭದ ದಾರಿಯಿದೆ. ಮಗುವಿಗಾಗಿ ಬೇರೆ ಅಡುಗೆ ಮಾಡುವ ಬದಲು, ವಾರದಲ್ಲಿ ಕೆಲವು ದಿನವಾದರೂ ಮನೆಮಂದಿಗೆಲ್ಲ ಹಾಲಿಲ್ಲದ, ಹೊಟ್ಟೆ ತುಂಬುವ ಒಂದೇ ಅಡುಗೆ ಮಾಡುವುದು. ಅದಕ್ಕೆ ಮೊಟ್ಟೆಯಷ್ಟು ಅನುಕೂಲವಾದ ವಸ್ತು ಮತ್ತೊಂದಿಲ್ಲ. ಬೆಲೆ ಕೈಗೆಟಕುತ್ತದೆ, ಬೇಗ ಬೇಯುತ್ತದೆ, ಮಕ್ಕಳಿಂದ ಮುದುಕರವರೆಗೆ ಅಗಿಯಲು ಕಷ್ಟವಿಲ್ಲ.

ಮೊಟ್ಟೆ ಹಾಲಿನ ಪದಾರ್ಥವಲ್ಲ

ಅಂಗಡಿಯಲ್ಲಿ ಹಾಲು, ಮೊಸರು, ಬೆಣ್ಣೆಯ ಪಕ್ಕದಲ್ಲೇ ಮೊಟ್ಟೆಯ ಟ್ರೇ ಇಟ್ಟಿರುತ್ತಾರೆ. ಹಾಗಾಗಿ ‘ವೈದ್ಯರು ಹಾಲಿನ ಪದಾರ್ಥ ಬೇಡ ಎಂದಿದ್ದಾರೆ, ಹಾಗಾದರೆ ಮೊಟ್ಟೆಯೂ ಬೇಡವೇನೋ’ ಎಂದು ಕೆಲವರು ಅದನ್ನೂ ನಿಲ್ಲಿಸಿಬಿಡುತ್ತಾರೆ. ಇದು ತಪ್ಪು ತಿಳಿವಳಿಕೆ. ಹಾಲು ಬರುವುದು ಹಸು, ಎಮ್ಮೆ, ಆಡುಗಳಿಂದ. ಮೊಟ್ಟೆ ಬರುವುದು ಕೋಳಿಯಿಂದ. ಹಾಲಿನ ಸಕ್ಕರೆಯಾಗಲಿ ಹಾಲಿನ ಪ್ರೋಟೀನ್ ಆಗಲಿ ಮೊಟ್ಟೆಯಲ್ಲಿ ಇಲ್ಲ. ಹಾಲು ಆಗದ ಮಗುವಿನ ಊಟದಿಂದ ಮೊಟ್ಟೆಯನ್ನೂ ತೆಗೆದರೆ, ಒಳ್ಳೆಯ ಪ್ರೋಟೀನ್ ಸಿಗುವ ಎರಡು ಸುಲಭದ ದಾರಿಗಳನ್ನು ಒಟ್ಟಿಗೆ ಮುಚ್ಚಿದಂತಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಮೊಟ್ಟೆಯ ಅಲರ್ಜಿ ಎಂಬುದು ಬೇರೆಯೇ ಇದೆ. ಚಿಕ್ಕ ಮಕ್ಕಳಲ್ಲಿ ಅದು ಅಪರೂಪವೇನಲ್ಲ. ಕೆಲವು ಮಕ್ಕಳಿಗೆ ಹಾಲು, ಮೊಟ್ಟೆ ಎರಡೂ ಆಗುವುದಿಲ್ಲ. ಹಾಲಿನ ಅಲರ್ಜಿ ಇರುವ ಮಗುವಿಗೆ ಮೊದಲ ಬಾರಿ ಮೊಟ್ಟೆ ಕೊಡುವ ಮುನ್ನ ವೈದ್ಯರನ್ನು ಕೇಳಿ. ಅವರು ಒಪ್ಪಿದರೆ ಚೆನ್ನಾಗಿ ಬೇಯಿಸಿದ ಮೊಟ್ಟೆಯ ಸಣ್ಣ ಚೂರನ್ನು ಹಗಲು ಹೊತ್ತಿನಲ್ಲಿ ಕೊಟ್ಟು ಗಮನಿಸಿ.

ಹಾಲು ಆಗದಿರುವುದರಲ್ಲಿ ಎರಡು ಬಗೆ

‘ಹಾಲು ಆಗುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಯಾವುದು ಎಂದು ತಿಳಿದರೆ ಅಡುಗೆಯಲ್ಲಿ ಎಷ್ಟು ಬಿಗಿ ಬೇಕು ಎಂಬುದೂ ತಿಳಿಯುತ್ತದೆ.

ಮೊದಲನೆಯದು ಹಾಲಿನ ಸಕ್ಕರೆ ಜೀರ್ಣವಾಗದಿರುವುದು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎದೆಹಾಲು ಕುಡಿಯುವ ವಯಸ್ಸಿನಲ್ಲಿ ಈ ಕಿಣ್ವ ಸಾಕಷ್ಟಿರುತ್ತದೆ; ಬೆಳೆಯುತ್ತ ಹೋದಂತೆ ಬಹಳ ಮಂದಿಯಲ್ಲಿ ಕಡಿಮೆಯಾಗುತ್ತದೆ. ಉತ್ತರ ಭಾರತದವರಿಗಿಂತ ದಕ್ಷಿಣ ಭಾರತದವರಲ್ಲಿ ಇದು ಹೆಚ್ಚು. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುದುಗುತ್ತದೆ. ಅದರಿಂದಲೇ ಗ್ಯಾಸ್, ಹೊಟ್ಟೆನೋವು, ಭೇದಿ. ಚಿಕ್ಕ ಮಕ್ಕಳಿಗೆ ಜೋರು ಭೇದಿಯಾದ ಮೇಲೆ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಹಾಲು ಆಗದಿರುವುದೂ ಇದೇ ಕಾರಣಕ್ಕೆ. ಕರುಳು ಸುಧಾರಿಸಿದಂತೆ ಅದು ಸರಿಹೋಗುತ್ತದೆ. ಈ ತೊಂದರೆ ಇರುವವರಲ್ಲಿ ಹಲವರಿಗೆ ಸ್ವಲ್ಪ ಹಾಲು, ಮೊಸರು, ತುಪ್ಪ ನಡೆಯುತ್ತದೆ. ಕಷ್ಟ ಕೊಡುತ್ತದೆ, ಆದರೆ ಪ್ರಾಣಕ್ಕೆ ಅಪಾಯವಿಲ್ಲ.

ಎರಡನೆಯದು ಹಾಲಿನ ಅಲರ್ಜಿ. ಇಲ್ಲಿ ತಕರಾರು ಸಕ್ಕರೆಯದ್ದಲ್ಲ, ಹಾಲಿನ ಪ್ರೋಟೀನಿನದ್ದು. ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಶತ್ರುವೆಂದು ಭಾವಿಸಿ ತಿರುಗಿಬೀಳುತ್ತದೆ. ಮೈಮೇಲೆ ದದ್ದು, ತುಟಿ ಮತ್ತು ಕಣ್ಣಿನ ಸುತ್ತ ಊತ, ವಾಂತಿ, ಕೆಮ್ಮು, ಉಬ್ಬಸ ಕಾಣಿಸಿಕೊಳ್ಳಬಹುದು. ಇವರಿಗೆ ಒಂದು ಚಮಚ ಮೊಸರೂ ಸಾಕು. ತುಪ್ಪದಲ್ಲಿಯೂ ಪ್ರೋಟೀನಿನ ಅಂಶ ಅಲ್ಪಸ್ವಲ್ಪ ಉಳಿದಿರುವುದರಿಂದ ಅದನ್ನೂ ನಂಬುವಂತಿಲ್ಲ. ‘ಹಸುವಿನ ಹಾಲು ಬೇಡವಾದರೆ ಆಡಿನ ಹಾಲು ಕೊಡಿ’ ಎನ್ನುವ ಹಿರಿಯರ ಸಲಹೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎರಡರ ಪ್ರೋಟೀನುಗಳೂ ಹತ್ತಿರ ಹತ್ತಿರ ಒಂದೇ ತರಹ ಇರುವುದರಿಂದ ಹಸುವಿನ ಹಾಲಿಗೆ ಅಲರ್ಜಿಯಾದ ಮಗುವಿಗೆ ಸಾಮಾನ್ಯವಾಗಿ ಆಡಿನ ಹಾಲೂ ಎಮ್ಮೆ ಹಾಲೂ ಆಗುವುದಿಲ್ಲ. ಉಸಿರಾಟಕ್ಕೆ ತೊಂದರೆಯಾದರೆ, ಮಗು ಬಿಳಿಚಿಕೊಂಡು ಜೋತುಬಿದ್ದರೆ ಮನೆಮದ್ದು ಹುಡುಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇವೆರಡರಲ್ಲಿ ಯಾವುದು ಎಂದು ನೀವೇ ತೀರ್ಮಾನಿಸಬೇಡಿ. ಒಂದೆರಡು ಸಲ ಹೊಟ್ಟೆ ಕೆಟ್ಟಿತೆಂದು ಮಗುವಿಗೆ ಹಾಲನ್ನು ಪೂರ್ತಿ ಬಿಡಿಸುವುದೂ ಸರಿಯಲ್ಲ. ವರ್ಷ ತುಂಬದ ಮಗುವಿನ ವಿಷಯದಲ್ಲಂತೂ ವೈದ್ಯರ ಮಾತೇ ಕೊನೆಯದು. ಎದೆಹಾಲಿಗೆ ಬದಲಾಗಿ ತೆಂಗಿನ ಹಾಲು, ಗಂಜಿನೀರು ಕುಡಿಸಿ ದಿನ ದೂಡುವುದು ಅಪಾಯ.

ಆಮ್ಲೆಟ್‌ಗೆ ಹಾಲು ಯಾಕೆ?

ಮೊಟ್ಟೆ ಮೆತ್ತಗೆ ಉಬ್ಬಿ ಬರಲೆಂದು ಒಂದಿಷ್ಟು ಹಾಲು ಸುರಿಯುವ ಅಭ್ಯಾಸ ಹಲವು ಮನೆಗಳಲ್ಲಿದೆ. ಹೋಟೆಲುಗಳಲ್ಲಿ ಬೆಣ್ಣೆ, ಚೀಸ್ ಕೂಡ ಬೀಳುತ್ತದೆ. ಇವು ಇಲ್ಲದಿದ್ದರೆ ಮೊಟ್ಟೆ ರಬ್ಬರಿನಂತಾಗುತ್ತದೆ ಎಂಬ ಭಯ. ನಿಜವಾಗಿ ಮೊಟ್ಟೆಯನ್ನು ರಬ್ಬರಾಗಿಸುವುದು ಜೋರು ಉರಿ. ಮೊಟ್ಟೆಯ ಪ್ರೋಟೀನ್ ಬಿಸಿಗೆ ಬಿಗಿಯುತ್ತ ಹೋಗುತ್ತದೆ. ಉರಿ ಹೆಚ್ಚಾದರೆ ಅತಿಯಾಗಿ ಬಿಗಿದು ತನ್ನೊಳಗಿನ ನೀರನ್ನು ಹಿಂಡಿಬಿಡುತ್ತದೆ. ಹಾಲು ಮಾಡುವ ಕೆಲಸವೆಂದರೆ ಸ್ವಲ್ಪ ನೀರು, ಸ್ವಲ್ಪ ಕೊಬ್ಬು ಸೇರಿಸಿ ಆ ಬಿಗಿತವನ್ನು ಸಡಿಲಿಸುವುದು. ಆ ಕೆಲಸವನ್ನು ನಮ್ಮ ತೆಂಗಿನ ಹಾಲು ಚೆನ್ನಾಗಿಯೇ ಮಾಡುತ್ತದೆ. ಸಣ್ಣ ಉರಿ ಇದ್ದರೆ ಅದೂ ಇಲ್ಲದೆ ನಡೆಯುತ್ತದೆ.

ಲೋಕದ ಹಲವು ಅಡುಗೆಮನೆಗಳಿಗೆ ಇದು ಹಿಂದಿನಿಂದಲೂ ಗೊತ್ತು. ಇರಾನಿನ ‘ಕುಕು ಸಬ್ಜಿ’ಯಲ್ಲಿ ಮೊಟ್ಟೆಗಿಂತ ಸೊಪ್ಪೇ ಹೆಚ್ಚು. ಅರಬರಲ್ಲಿ ತರಕಾರಿ ಅಥವಾ ಮಾಂಸ ಸೇರಿಸಿ ದಪ್ಪಗೆ ಬೇಯಿಸುವ ‘ಇಜ್ಜ’ ಇದೆ. ಸ್ಪೇನಿನವರು ಆಲೂಗಡ್ಡೆ, ಮೊಟ್ಟೆ, ಎಣ್ಣೆ, ಉಪ್ಪಿನಲ್ಲೇ ಕೇಕಿನಂಥ ದಪ್ಪ ಆಮ್ಲೆಟ್ ಮಾಡುತ್ತಾರೆ. ಗಲ್ಫ್‌ನಲ್ಲಿ ದುಡಿದು ಬಂದವರಿಗೆ ಟೊಮೆಟೊ ಸಾರಿನಲ್ಲಿ ಮೊಟ್ಟೆ ಒಡೆದು ಬೇಯಿಸುವ ಉತ್ತರ ಆಫ್ರಿಕಾ ಮೂಲದ ‘ಶಕ್ಷೂಕ’ ಪರಿಚಿತ. ಇವುಗಳನ್ನು ಮಾಡಲು ಹಾಲು ಬೇಕೇ ಬೇಕೆಂದಿಲ್ಲ. ಅದೇ ಜಾತಿಯ ಒಂದು ಅಡುಗೆಯನ್ನು ನಮ್ಮ ನುಗ್ಗೆ ಸೊಪ್ಪು, ತೆಂಗು, ಕರಿಬೇವಿನೊಂದಿಗೆ ಮಾಡುವುದು ಹೇಗೆಂದು ಇಲ್ಲಿ ನೋಡೋಣ.

ನುಗ್ಗೆ ಸೊಪ್ಪು–ಆಲೂಗಡ್ಡೆಯ ದಪ್ಪ ಆಮ್ಲೆಟ್

ಆರು ಮಂದಿಯ ಕುಟುಂಬಕ್ಕೆ, ಎಂಟು ಹೋಳು. ಸಿದ್ಧತೆ ಸೇರಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು.

ಬೇಕಾಗುವ ಸಾಮಾನು:

ಮೊಟ್ಟೆ – 8
ಆಲೂಗಡ್ಡೆ – ಮಧ್ಯಮ ಗಾತ್ರದ 3 (ಸುಮಾರು 400 ಗ್ರಾಂ)
ಈರುಳ್ಳಿ – ದೊಡ್ಡದು 2
ಕಡ್ಡಿ ತೆಗೆದು ತೊಳೆದ ನುಗ್ಗೆ ಸೊಪ್ಪು – ದೊಡ್ಡ 2 ಹಿಡಿ
ಮನೆಯಲ್ಲೇ ಹಿಂಡಿದ ದಪ್ಪ ತೆಂಗಿನ ಹಾಲು – 100 ಮಿ.ಲೀ. (ಸಣ್ಣ ಟೀ ಲೋಟದಷ್ಟು)
ಹಸಿಮೆಣಸು – 2, ಸಣ್ಣಗೆ ಹೆಚ್ಚಿದ್ದು
ಶುಂಠಿ – ಅರ್ಧ ಇಂಚು, ತುರಿದದ್ದು
ಕರಿಬೇವು – 1 ಎಸಳು. ಕೊತ್ತಂಬರಿ ಸೊಪ್ಪು – ಸ್ವಲ್ಪ
ಅರಸಿನ ಪುಡಿ – ಕಾಲು ಚಮಚ
ಕಾಳುಮೆಣಸಿನ ಪುಡಿ – ಅರ್ಧ ಚಮಚ
ಜೀರಿಗೆ ಪುಡಿ – ಅರ್ಧ ಚಮಚ
ಬಿಳಿ ಎಳ್ಳು – 1 ದೊಡ್ಡ ಚಮಚ
ಉಪ್ಪು – ಸುಮಾರು ಒಂದೂಕಾಲು ಚಮಚ
ತೆಂಗಿನೆಣ್ಣೆ ಅಥವಾ ನೀವು ಬಳಸುವ ಯಾವುದೇ ಅಡುಗೆ ಎಣ್ಣೆ – 3 ದೊಡ್ಡ ಚಮಚ

ಪಾತ್ರೆ: ದಪ್ಪ ತಳದ, ಮುಚ್ಚಳವಿರುವ, ಸುಮಾರು 10 ಇಂಚು ಅಗಲದ ಬಾಣಲೆ. ಚೆನ್ನಾಗಿ ಪಳಗಿದ ಕಬ್ಬಿಣದ್ದಾದರೂ ಸರಿ, ನಾನ್‌ಸ್ಟಿಕ್ ಆದರೂ ಸರಿ.

ಮಾಡುವ ವಿಧಾನ:

ಒಂದು: ಆಲೂಗಡ್ಡೆಯ ಸಿಪ್ಪೆ ತೆಗೆದು ತೆಳುವಾದ ಬಿಲ್ಲೆಗಳಾಗಿ ಹೆಚ್ಚಿ. ದಪ್ಪ ಹೆಚ್ಚಿದರೆ ಮೊಟ್ಟೆ ಬೆಂದರೂ ಆಲೂಗಡ್ಡೆ ಹಸಿ ಉಳಿಯುತ್ತದೆ. ಹೆಚ್ಚಿದ್ದನ್ನು ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ. ನೀರಿನ ಪಸೆ ಉಳಿದರೆ ಎಣ್ಣೆ ಸಿಡಿಯುತ್ತದೆ.

ಎರಡು: ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ ಕರಿಬೇವು ಹಾಕಿ. ಅದರ ಮೇಲೆ ಆಲೂಗಡ್ಡೆ, ಉದ್ದುದ್ದಕ್ಕೆ ಹೆಚ್ಚಿದ ಈರುಳ್ಳಿ, ಅರ್ಧದಷ್ಟು ಉಪ್ಪು ಹಾಕಿ ಕೈಯಾಡಿಸಿ. ಮುಚ್ಚಿ, ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿ. ನಡುನಡುವೆ ಮೆಲ್ಲಗೆ ತಿರುವಿ. ಕೆಂಪಗೆ ಹುರಿಯುವ ಅಗತ್ಯವಿಲ್ಲ. ಬೆರಳಿನಿಂದ ಒತ್ತಿದರೆ ಮುರಿಯುವಷ್ಟು ಬೆಂದರೆ ಸಾಕು.

ಮೂರು: ಹಸಿಮೆಣಸು, ಶುಂಠಿ, ಅರಸಿನ, ನುಗ್ಗೆ ಸೊಪ್ಪು ಹಾಕಿ. ಮುಚ್ಚಳ ತೆಗೆದೇ ಮೂರು ನಾಲ್ಕು ನಿಮಿಷ ಬಾಡಿಸಿ, ನೀರಿನಂಶ ಆರಿಸಿ. ಸೊಪ್ಪಿನ ನೀರು ಉಳಿದರೆ ಆಮ್ಲೆಟ್ ಗಟ್ಟಿಯಾಗುವುದಿಲ್ಲ. ಒಲೆಯಿಂದ ಇಳಿಸಿ ಐದು ನಿಮಿಷ ಆರಲು ಬಿಡಿ.

ನಾಲ್ಕು: ಮೊಟ್ಟೆಗಳನ್ನು ಒಂದೊಂದಾಗಿ ಮೊದಲು ಸಣ್ಣ ಬಟ್ಟಲಿಗೆ ಒಡೆದು, ನೋಡಿ, ಮೂಸಿ, ಆಮೇಲೆ ದೊಡ್ಡ ಪಾತ್ರೆಗೆ ಸುರಿಯಿರಿ. ಒಂದು ಕೆಟ್ಟ ಮೊಟ್ಟೆ ಉಳಿದ ಏಳನ್ನೂ ಹಾಳು ಮಾಡಬಾರದಲ್ಲ! ತೆಂಗಿನ ಹಾಲು, ಉಳಿದ ಉಪ್ಪು, ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಸೇರಿಸಿ ಬಿಳಿ ಹಳದಿ ಒಂದಾಗುವವರೆಗೆ ಕಲಕಿ. ತೆಂಗಿನ ಹಾಲು ಹೇಳಿದ ಅಳತೆಗಿಂತ ಹೆಚ್ಚಾದರೆ ಮೊಟ್ಟೆ ಹಿಡಿದುಕೊಳ್ಳುವುದಿಲ್ಲ.

ಐದು: ಆರಿದ ಆಲೂಗಡ್ಡೆ ಮಿಶ್ರಣವನ್ನು ಮೊಟ್ಟೆಗೆ ಸೇರಿಸಿ ಐದು ನಿಮಿಷ ಇಡಿ. ಆಲೂಗಡ್ಡೆ ಮೊಟ್ಟೆಯನ್ನು ಸ್ವಲ್ಪ ಹೀರಿಕೊಂಡರೆ ಹೋಳು ಮಾಡುವಾಗ ಪುಡಿಯಾಗುವುದಿಲ್ಲ.

ಆರು: ಬಾಣಲೆಯನ್ನು ಒರೆಸಿ, ಉಳಿದ ಒಂದು ಚಮಚ ಎಣ್ಣೆ ಹಾಕಿ ಚೆನ್ನಾಗಿ ಕಾಯಿಸಿ, ಎಳ್ಳು ಉದುರಿಸಿ. ಎಳ್ಳು ಚಿಟಪಟ ಎಂದ ಕೂಡಲೇ ಮಿಶ್ರಣ ಸುರಿದು ಉರಿಯನ್ನು ತೀರಾ ಸಣ್ಣದು ಮಾಡಿ. ಬಾಣಲೆಯ ತಳ ತೆಳುವಾಗಿದ್ದರೆ ಅಡಿಯಲ್ಲೊಂದು ದೋಸೆ ಕಾವಲಿ ಇಡಿ. ಶಾಖ ಎಲ್ಲ ಕಡೆ ಸಮನಾಗಿ ಹರಡುತ್ತದೆ. ಮುಚ್ಚಿ 12ರಿಂದ 15 ನಿಮಿಷ ಬಿಡಿ. ಮೇಲ್ಭಾಗದಲ್ಲಿ ಸ್ವಲ್ಪವೇ ಪಸೆ ಉಳಿದಿರುವಾಗ ಮುಂದಿನ ಹೆಜ್ಜೆ.

ಏಳು: ಬಾಣಲೆಗಿಂತ ಅಗಲವಾದ ತಟ್ಟೆಯನ್ನು ಅದರ ಮೇಲೆ ಕವುಚಿ, ದಪ್ಪ ಬಟ್ಟೆಯಿಂದ ಎರಡನ್ನೂ ಹಿಡಿದು ಒಮ್ಮೆಗೇ ತಿರುಗಿಸಿ. ಆಮ್ಲೆಟ್ ತಟ್ಟೆಗೆ ಬೀಳುತ್ತದೆ. ಅದನ್ನು ಮೆಲ್ಲಗೆ ಮತ್ತೆ ಬಾಣಲೆಗೆ ಜಾರಿಸಿ ಇನ್ನೊಂದು ಮಗ್ಗುಲನ್ನು ನಾಲ್ಕು ನಿಮಿಷ ಬೇಯಿಸಿ. ಬಿಸಿ ಬಾಣಲೆ ತಿರುಗಿಸಲು ಅಂಜಿಕೆಯಾದರೆ ಮಿಶ್ರಣವನ್ನು ಎರಡು ಪಾಲು ಮಾಡಿ ಸಣ್ಣ ಬಾಣಲೆಯಲ್ಲಿ ಎರಡು ಸಲ ಹುಯ್ಯಿರಿ. ಮಕ್ಕಳನ್ನು ಆ ಹೊತ್ತಿಗೆ ಒಲೆಯ ಹತ್ತಿರ ನಿಲ್ಲಿಸಬೇಡಿ.

ಎಂಟು: ನಡುವೆ ಚಾಕು ಚುಚ್ಚಿ ನೋಡಿ. ಅಂಟು ದ್ರವ ಹತ್ತದೆ ಚಾಕು ಒಣಗಿ ಬಂದರೆ ಬೆಂದಿದೆ. ಹತ್ತು ನಿಮಿಷ ಆರಿದ ಮೇಲೆ ಎಂಟು ಹೋಳು ಮಾಡಿ.

ಬಿಸಿಯಾದ ಅಕ್ಕಿರೊಟ್ಟಿ, ಪತ್ತಿರ್, ನೀರುದೋಸೆ, ಚಪಾತಿ ಯಾವುದರ ಜೊತೆಗೂ ಇದು ಹೊಂದುತ್ತದೆ. ನಡು ಹಗಲಿನ ಊಟಕ್ಕಾದರೆ ಅನ್ನ, ಬೇಳೆಸಾರು, ಸೌತೆಕಾಯಿ ಹೋಳು ಜೊತೆಗಿರಲಿ. ಆರಿದರೂ ರುಚಿ ಕೆಡುವುದಿಲ್ಲವಾದ್ದರಿಂದ ಶಾಲೆಯ ಬುತ್ತಿಗೂ ಆದೀತು. ರಮಝಾನಿನ ಸಹರಿಗೆ ಮಾಡುವುದಾದರೆ ಆಲೂಗಡ್ಡೆ, ಸೊಪ್ಪಿನ ಭಾಗವನ್ನು ರಾತ್ರಿಯೇ ಬೇಯಿಸಿ, ಆರಿಸಿ ಫ್ರಿಜ್‌ನಲ್ಲಿಟ್ಟರೆ ಬೆಳಗಿನ ಜಾವ ಮೊಟ್ಟೆ ಕಲಕಿ ಹುಯ್ಯುವುದಷ್ಟೇ ಕೆಲಸ. ಉಪ್ಪು ಮಾತ್ರ ಆಗ ಇನ್ನಷ್ಟು ಕಡಿಮೆ ಮಾಡಿ. ಹಗಲು ಬಾಯಾರಿಕೆ ಹೆಚ್ಚಾಗದಿರಲಿ.

ಒಂದು ಹೋಳಿನಲ್ಲಿ ಏನಿದೆ?

ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಎಂಟು ಮೊಟ್ಟೆ ಎಂಟು ಹೋಳಾದಾಗ ಹೋಳಿಗೆ ಒಂದು ಮೊಟ್ಟೆ ಎಂದು ಲೆಕ್ಕ ಸುಲಭ. ಆಲೂಗಡ್ಡೆ, ಎಣ್ಣೆ, ತೆಂಗಿನ ಹಾಲು ಎಲ್ಲ ಸೇರಿ ಒಂದು ಹೋಳಿಗೆ 180ರ ಆಸುಪಾಸು ಕ್ಯಾಲೊರಿ ಬರುತ್ತದೆ. ಬಿ12, ಎ, ಡಿ ಜೀವಸತ್ವಗಳು, ಮೆದುಳಿನ ಬೆಳವಣಿಗೆಗೆ ಬೇಕಾದ ಕೋಲಿನ್ ಇವೆಲ್ಲ ಮೊಟ್ಟೆಯಿಂದ ಸಿಗುತ್ತವೆ. ಇವುಗಳಲ್ಲಿ ಹೆಚ್ಚಿನವು ಹಳದಿಯಲ್ಲೇ ಇವೆ. ಪ್ರೋಟೀನಿನಲ್ಲೂ ಹತ್ತಿರ ಹತ್ತಿರ ಅರ್ಧ ಪಾಲು ಅದರದ್ದೇ. ಬೆಳೆಯುವ ಮಕ್ಕಳಿಗೆ ಹಳದಿ ತೆಗೆದು ಬಿಳಿ ಮಾತ್ರ ಕೊಡಬೇಡಿ. ಹೃದ್ರೋಗ, ಸಕ್ಕರೆ ಕಾಯಿಲೆ, ಹೆಚ್ಚಿನ ಕೊಲೆಸ್ಟ್ರಾಲ್ ಇರುವ ಹಿರಿಯರು ಎಷ್ಟು ತಿನ್ನಬಹುದೆಂದು ತಮ್ಮ ವೈದ್ಯರನ್ನೇ ಕೇಳಬೇಕು.

ಮೊಟ್ಟೆಯಲ್ಲಿ ಕಡಿಮೆ ಇರುವುದು ಯಾವುದು? ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ. ಹಾಲು ಬಿಟ್ಟ ಮನೆಯವರು ಗಮನವಿಡಬೇಕಾದ್ದು ಇಲ್ಲೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ, ವಯಸ್ಕರಿಗೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ಲೋಟ ಹಾಲಿನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚಿರುತ್ತದೆ. ಒಂದು ಮೊಟ್ಟೆಯಲ್ಲಿ 30 ಮಿಲಿಗ್ರಾಂ ಕೂಡ ಇಲ್ಲ. ಚಿಪ್ಪಿನಲ್ಲಿ ಸುಣ್ಣ ಬೇಕಾದಷ್ಟಿದೆ, ಆದರೆ ಅದನ್ನು ನಾವು ತಿನ್ನುವುದಿಲ್ಲ. ತೆಂಗಿನ ಹಾಲಿಗೆ ‘ಹಾಲು’ ಎಂಬ ಹೆಸರಿದ್ದರೂ ಅದರಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಪ್ರೋಟೀನೂ ಸ್ವಲ್ಪವೇ. ರುಚಿಗೂ ಮೆದುತನಕ್ಕೂ ಅದು ಒಳ್ಳೆಯದು. ಹಸುವಿನ ಹಾಲಿನ ಪೋಷಣೆ ಅದರಿಂದ ಬರುವುದಿಲ್ಲ.

ಹಾಗಾಗಿಯೇ ಈ ಅಡುಗೆಯಲ್ಲಿ ನುಗ್ಗೆ ಸೊಪ್ಪು ಮತ್ತು ಎಳ್ಳು ಸೇರಿಸಿದ್ದು. 100 ಗ್ರಾಂ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ. ಆದರೆ ಒಂದು ಹೋಳಿಗೆ ಬರುವ ಸೊಪ್ಪು, ಎಳ್ಳು ಸ್ವಲ್ಪವೇ ಆದ್ದರಿಂದ ಇಷ್ಟಕ್ಕೇ ನಿಲ್ಲುವಂತಿಲ್ಲ. ದಿನದ ಉಳಿದ ಊಟದಲ್ಲೂ ದಾರಿ ಹುಡುಕಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ; ಬೆಳಿಗ್ಗೆ ರಾಗಿ ಅಂಬಲಿ ಅಥವಾ ರಾಗಿ ರೊಟ್ಟಿ ಇರಲಿ. ಮುಳ್ಳು ಸಮೇತ ಅಗಿದು ತಿನ್ನಬಹುದಾದ ಸಣ್ಣ ಮೀನು ಕರಾವಳಿಯವರಿಗೆ ಸುಲಭವಾಗಿ ಸಿಗುವ ಕ್ಯಾಲ್ಸಿಯಂ. ಬೂತಾಯಿಯನ್ನು ಮುಳ್ಳು ಮೆತ್ತಗಾಗುವವರೆಗೆ ಹುಳಿಯಲ್ಲಿ ಬೇಯಿಸಿದರೆ ಅದೂ ಒಳ್ಳೆಯದು. ಎಳ್ಳಿನ ಚಟ್ನಿ, ಎಳ್ಳು–ಬೆಲ್ಲದ ಉಂಡೆ ಮಕ್ಕಳಿಗೆ ಇಷ್ಟವಾಗುತ್ತದೆ. ಇದರ ಜೊತೆ ದಿನಕ್ಕೆ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಆಟ ಬೇಕು. ಡಿ ಜೀವಸತ್ವವಿಲ್ಲದೆ ತಿಂದ ಕ್ಯಾಲ್ಸಿಯಂ ದೇಹಕ್ಕೆ ಹತ್ತುವುದಿಲ್ಲ. ಮಗು ಹಾಲು ಬಿಟ್ಟು ಹಲವು ತಿಂಗಳಾಗಿದ್ದರೆ ಮಾತ್ರೆ ಬೇಕೇ ಎಂದು ವೈದ್ಯರಲ್ಲಿ ಕೇಳುವುದು ಒಳ್ಳೆಯದು.

ಮೊಟ್ಟೆ ಮತ್ತು ಶುಚಿತ್ವ

ಮೊಟ್ಟೆಯ ಚಿಪ್ಪಿನ ಮೇಲೆ ಕೋಳಿಯ ಹಿಕ್ಕೆಯಿಂದ ಬಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಕೆಲವೊಮ್ಮೆ ನೋಡಲು ಶುಭ್ರವಾಗಿರುವ ಮೊಟ್ಟೆಯ ಒಳಗೂ ಇರುತ್ತದೆ. ಜ್ವರ, ವಾಂತಿ, ಭೇದಿಗೆ ಅದು ಕಾರಣ. ಭಯ ಬೇಡ, ಕೆಲವು ಅಭ್ಯಾಸಗಳು ಸಾಕು.

ಒಡಕು ಮೊಟ್ಟೆ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಬಿರುಕು ರೋಗಾಣುವಿಗೆ ತೆರೆದ ಬಾಗಿಲು.

ತಂದ ಕೂಡಲೇ ಮೊಟ್ಟೆ ತೊಳೆದಿಡಬೇಡಿ. ಚಿಪ್ಪಿನ ಮೇಲೆ ತೆಳುವಾದ ರಕ್ಷಣಾ ಪದರ ಇರುತ್ತದೆ. ತೊಳೆದರೆ ಅದು ಹೋಗಿ ಚಿಪ್ಪಿನ ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ. ಹಿಕ್ಕೆ ಅಂಟಿದ್ದರೆ ಒಣಬಟ್ಟೆಯಲ್ಲಿ ಒರೆಸಿಡಿ. ತೊಳೆಯುವುದಾದರೆ ಅಡುಗೆಗೆ ಮುಂಚೆ ತೊಳೆದು ಕೂಡಲೇ ಬಳಸಿ.

ಫ್ರಿಜ್ ಇದ್ದರೆ ಮೊಟ್ಟೆಯನ್ನು ಬಾಗಿಲ ಬದಿಯಲ್ಲಿಡದೆ ಒಳಗಿನ ತಟ್ಟಿನಲ್ಲಿಡಿ. ಬಾಗಿಲು ತೆರೆದು ಮುಚ್ಚುವಾಗಲೆಲ್ಲ ಅಲ್ಲಿ ತಂಪು ಏರಿಳಿಯುತ್ತದೆ.

ನೀರಿನಲ್ಲಿ ಮುಳುಗಿದರೆ ಒಳ್ಳೆಯ ಮೊಟ್ಟೆ, ತೇಲಿದರೆ ಕೆಟ್ಟದ್ದು ಎನ್ನುತ್ತಾರೆ. ಹಳತಾದಂತೆ ಒಳಗಿನ ಗಾಳಿಯ ಚೀಲ ದೊಡ್ಡದಾಗುವುದರಿಂದ ತೇಲುವುದು ನಿಜ. ಅದು ಮೊಟ್ಟೆಯ ಪ್ರಾಯವನ್ನು ಹೇಳುತ್ತದೆ, ರೋಗಾಣು ಇದೆಯೋ ಇಲ್ಲವೋ ಎಂದು ಹೇಳುವುದಿಲ್ಲ.

ಮೊಟ್ಟೆ ಒಡೆದ ಕೈಯನ್ನು ಸಾಬೂನಿನಿಂದ ತೊಳೆದೇ ಸೌತೆಕಾಯಿ ಹೆಚ್ಚಿರಿ, ಮಗುವನ್ನು ಎತ್ತಿಕೊಳ್ಳಿ. ಹಸಿ ಮೊಟ್ಟೆ ಕಲಕಿದ ಬಟ್ಟಲಿಗೆ ಬೆಂದ ಆಹಾರ ಹಾಕಬೇಡಿ.

ಮಕ್ಕಳು, ಬಸುರಿಯರು, ಬಾಣಂತಿಯರು, ವಯಸ್ಸಾದವರು ಇರುವ ಮನೆಯಲ್ಲಿ ಹಳದಿ ಹರಿಯುವ ಅರೆಬೆಂದ ಮೊಟ್ಟೆ ಬೇಡ. ಮೊಟ್ಟೆಯ ಅಡುಗೆ ಒಳಗಿನವರೆಗೆ 71 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು. ಥರ್ಮಾಮೀಟರ್ ಇಲ್ಲದ ನಮ್ಮ ಅಡುಗೆಮನೆಯಲ್ಲಿ ಒಣಗಿ ಬರುವ ಚಾಕುವೇ ಅಳತೆ.

ಉಳಿದ ಹೋಳುಗಳನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನದೊಳಗೆ ಚೆನ್ನಾಗಿ ಬಿಸಿಮಾಡಿ ಮುಗಿಸಿ.

ಅಡಗಿ ಕೂತಿರುವ ಹಾಲು

ಅಲರ್ಜಿ ಇರುವ ಮಗುವಿನ ಮನೆಯಲ್ಲಿ ಹಾಲಿನ ಪಾತ್ರೆಯಷ್ಟೇ ಅಲ್ಲ, ಹಾಲು ಕಾಣಿಸದ ತಿನಿಸುಗಳ ಮೇಲೂ ಕಣ್ಣಿರಬೇಕು. ಆಮ್ಲೆಟ್ ಜೊತೆ ಕೊಡುವ ಬ್ರೆಡ್, ಬನ್ನುಗಳಲ್ಲಿ ಹಾಲಿನ ಪುಡಿ ಇರಬಹುದು. ಬಿಸ್ಕತ್ತು, ರಸ್ಕ್, ಚಾಕಲೇಟುಗಳಲ್ಲಿ ಸಾಮಾನ್ಯ. ಪರೋಟದ ಹಿಟ್ಟಿಗೆ ಹಾಲು ಹಾಕುವವರಿದ್ದಾರೆ. ಪ್ಯಾಕೆಟ್ಟಿನ ತೆಂಗಿನ ಹಾಲಿನ ಪುಡಿಗೆ ಗಂಟು ಕಟ್ಟದಿರಲೆಂದು ಹಾಲಿನ ಪ್ರೋಟೀನ್ ಸೇರಿಸುವುದುಂಟು. ಮನೆಯಲ್ಲಿ ಹಿಂಡಿದ ತೆಂಗಿನ ಹಾಲು ಎಂದು ಮೇಲೆ ಒತ್ತಿ ಹೇಳಿದ್ದು ಇದೇ ಕಾರಣಕ್ಕೆ.

ಪ್ಯಾಕೆಟ್ಟಿನ ಹಸಿರು ಗುರುತು ನೋಡಿ ಮೋಸಹೋಗಬೇಡಿ. ಹಸಿರು ಗುರುತೆಂದರೆ ಮಾಂಸ, ಮೀನು, ಮೊಟ್ಟೆ ಇಲ್ಲ ಎಂದಷ್ಟೇ ಅರ್ಥ. ಹಾಲು ಧಾರಾಳವಾಗಿ ಇರಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಹಾಲು, ಮೊಟ್ಟೆ, ಕಡಲೆಕಾಯಿ ಮುಂತಾದ ಅಲರ್ಜಿಕಾರಕಗಳಿದ್ದರೆ ಪ್ಯಾಕೆಟ್ಟಿನ ಮೇಲೆ ತಿಳಿಸಲೇಬೇಕು. ಸಾಮಾನಿನ ಪಟ್ಟಿಯ ಹತ್ತಿರವೇ ಆ ಸಾಲು ಇರುತ್ತದೆ. ಹಾಲಿನ ಘನಾಂಶ, ವೇ, ಕೆಸೀನ್, ಕೆಸಿನೇಟ್ ಎಂದಿದ್ದರೂ ಅದು ಹಾಲೇ.

ಮದುವೆ, ಹಬ್ಬದ ಊಟದಲ್ಲಿ ಇನ್ನೂ ಜಾಗ್ರತೆ ಬೇಕು. ಬಿರಿಯಾನಿಯ ಮಾಂಸ ಮೊಸರಿನಲ್ಲಿ ನೆನೆದಿರುತ್ತದೆ, ಅನ್ನಕ್ಕೆ ತುಪ್ಪ ಬಿದ್ದಿರುತ್ತದೆ. ಕಬಾಬಿಗೂ ಮೊಸರು ಹಚ್ಚಿರಬಹುದು. ಶೀರ್ ಖುರ್ಮಾ, ಫಿರ್ನಿಯಂತೂ ಹಾಲೇ. ಮಗುವನ್ನು ಮನೆಯಲ್ಲಿ ಬಿಟ್ಟುಹೋಗುವ ಅಗತ್ಯವಿಲ್ಲ. ಕರೆದವರಿಗೆ ಮೊದಲೇ ಒಂದು ಮಾತು ತಿಳಿಸಿ. ಬುತ್ತಿಯಲ್ಲಿ ಆಮ್ಲೆಟಿನ ಎರಡು ಹೋಳು, ಒಂದು ಪತ್ತಿರ್ ಒಯ್ಯಿರಿ. ಪ್ರೀತಿಯಿಂದ ‘ಒಂದು ತುತ್ತು ತಿಂದರೆ ಏನಾಗುತ್ತದೆ’ ಎಂದು ಬಾಯಿಗಿಡುವ ನೆಂಟರಿಗೆ ಏನಾಗುತ್ತದೆ ಎಂಬುದನ್ನು ಸೌಮ್ಯವಾಗಿ, ಸ್ಪಷ್ಟವಾಗಿ ಹೇಳಿ. ಇದರಲ್ಲಿ ಮುಜುಗರ ಪಡುವಂಥದ್ದೇನೂ ಇಲ್ಲ. ಶಾಲೆಯ ಶಿಕ್ಷಕಿಗೂ ತಿಳಿಸಿಡಿ.

ಮನೆಯ ಅಡುಗೆಯಲ್ಲಿಯೂ ತುಪ್ಪ ಮುಟ್ಟಿದ ಚಮಚವನ್ನು ಈ ಬಾಣಲೆಗೆ ಹಾಕಬೇಡಿ. ರೊಟ್ಟಿಗೆ ತುಪ್ಪ ಸವರುವವರಿದ್ದರೆ ಮಗುವಿನ ರೊಟ್ಟಿ ಮೊದಲು ಬೇಯಲಿ, ತುಪ್ಪ ಆಮೇಲೆ ಬರಲಿ. ಹಾಲಿನ ಸಕ್ಕರೆ ಮಾತ್ರ ಜೀರ್ಣವಾಗದವರಿಗೆ ಇಷ್ಟು ಬಿಗಿ ಬೇಕಿಲ್ಲ.

ಸೊಪ್ಪು ಸಿಗದ ದಿನ

ನುಗ್ಗೆ ಸಿಗದಿದ್ದರೆ ಮೆಂತ್ಯ ಅಥವಾ ಹರಿವೆ ಸೊಪ್ಪು ಬಳಸಿ. ಆಲೂಗಡ್ಡೆಯ ಬದಲು ಗೆಣಸು ಅಥವಾ ಬೇಯಿಸಿದ ಹಲಸಿನ ಬೀಜ ಹಾಕಬಹುದು. ಸಕ್ಕರೆ ಕಾಯಿಲೆಯವರಿದ್ದರೆ ಆಲೂಗಡ್ಡೆ ಅರ್ಧಕ್ಕಿಳಿಸಿ, ಬೀನ್ಸ್, ಎಲೆಕೋಸು ಸೇರಿಸಿ. ಹಿಂದಿನ ದಿನದ ಖೀಮಾ ಉಳಿದಿದ್ದರೆ ಅದರಲ್ಲಿ ಮೊಸರು ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಬಟ್ಟಲು ಸೇರಿಸಿ. ಆಗ ಆರು ಮೊಟ್ಟೆಯೂ ಸಾಕು.

ಸಮಯವೇ ಇಲ್ಲದ ದಿನ ಶಕ್ಷೂಕದ ದಾರಿ ಹಿಡಿಯಿರಿ. ಎರಡು ಈರುಳ್ಳಿ, ಆರು ಹಣ್ಣಾದ ಟೊಮೆಟೊ, ಬೆಳ್ಳುಳ್ಳಿ, ಜೀರಿಗೆ, ಮೆಣಸಿನ ಪುಡಿ, ಉಪ್ಪನ್ನು ಎಣ್ಣೆಯಲ್ಲಿ ಗಟ್ಟಿ ಗೊಜ್ಜಾಗುವವರೆಗೆ ಬೇಯಿಸಿ, ಸೌಟಿನಿಂದ ಗುಳಿ ಮಾಡಿ, ಗುಳಿಗೊಂದು ಮೊಟ್ಟೆ ಒಡೆದು, ಮುಚ್ಚಿ ಹಳದಿ ಗಟ್ಟಿಯಾಗುವವರೆಗೆ ಬಿಡಿ. 25 ನಿಮಿಷದಲ್ಲಿ ಊಟ ಸಿದ್ಧ.

ಎಂಟು ಹೋಳು ಯಾರ ಪಾಲಿಗೆ?

ಕೊನೆಯದಾಗಿ ಬಡಿಸುವ ವಿಷಯ. ಆರು ಮಂದಿಗೆ ಎಂಟು ಹೋಳು ಎಂದಾಗ ಉಳಿದ ಎರಡು ಯಾರಿಗೆ ಹೋಗುತ್ತವೆ? ಹೆಚ್ಚಿನ ಮನೆಗಳಲ್ಲಿ ದುಡಿಯುವ ಗಂಡಸಿಗೆ ಒಂದು, ಮಗನಿಗೆ ಒಂದು. ಅಡುಗೆ ಮಾಡಿದವಳು ಎಲ್ಲರದ್ದೂ ಮುಗಿದ ಮೇಲೆ ಬಾಣಲೆ ಕೆರೆದು ರೊಟ್ಟಿಗೆ ಹಚ್ಚಿಕೊಂಡು ತಿಂದರೆ ಆಯಿತು. ಬಸುರಿಗೆ, ಮೊಲೆಯುಣಿಸುವ ತಾಯಿಗೆ, ಮುಟ್ಟು ಶುರುವಾದ ಹುಡುಗಿಗೆ ಈ ಪ್ರೋಟೀನ್ ಎಲ್ಲರಿಗಿಂತ ಕಡಿಮೆಯೇನೂ ಬೇಡ. ಹೋಳು ಮಾಡಿದ ಕೂಡಲೇ ಎಲ್ಲರ ತಟ್ಟೆಗೂ ಒಂದೊಂದು ಬೀಳಲಿ, ಅಡುಗೆ ಮಾಡಿದವರ ತಟ್ಟೆಗೂ. ಆಮೇಲೆ ಉಳಿದದ್ದನ್ನು ಹಸಿವು ಹೆಚ್ಚಿರುವವರು ಹಂಚಿಕೊಳ್ಳಲಿ.

ಹಾಲು ಆಗದ ಮಗುವಿನ ಮುಂದೆ ಈಗ ಬೇರೆ ಬಟ್ಟಲಿಲ್ಲ. ಅಣ್ಣ ತಿನ್ನುವುದನ್ನೇ ತಾನೂ ತಿನ್ನುತ್ತಿದೆ, ಅಜ್ಜಿ ಹೊಗಳಿದ ಅಡುಗೆಯೇ ತನ್ನ ತಟ್ಟೆಯಲ್ಲೂ ಇದೆ. ಈ ವಾರ ಒಂದು ದಿನ ಮಾಡಿ ನೋಡಿ. ಮನೆಯವರಿಗೆ ಹಿಡಿಸಿದರೆ ಮುಂದಿನ ವಾರ ಅವರೇ ಕೇಳಿಯಾರು.